ವಿಷಾನೇ ಹಾಕಿರ್ಬೇಕು ಅಂತೇನಿಲ್ಲ ಸಾರ್
ಕೆರೇಲಿ ಮೀನು ಸತ್ತು ತೇಲಿದ್ರೆ ಯಾರೋ ವಿಷ ಹಾಕಿರ್ತಾರೆ ಅಂತ ಲೇಖನದಲ್ಲಿ ಬರ್ದಿದೀರಿ, ಎಲ್ಲಾ ಸಲ ಹಂಗಲ್ಲ. ನಮ್ ಮಂಡ್ಯ ಕಡೆ ಬೇಸಿಗೇಲಿ ಬೆಳಕು ಹರಿಯೋ ಹೊತ್ಗೆ ಕೆರೆ ಏರಿ ಮೇಲೆ ನಿಂತು ನೋಡಿ, ಕಾಟ್ಲಾ ರೋಹು ಎಲ್ಲ ಮೇಲಕ್ ಬಂದು ಬಾಯಿ ಬಿಟ್ಕೊಂಡು ಒದ್ದಾಡ್ತಿರ್ತವೆ, ಅದು ಆಕ್ಸಿಜನ್ ಸಾಲ್ದೆ. 20 ಡಿಗ್ರಿ ನೀರು ಲೀಟರ್‌ಗೆ ಹತ್ತತ್ರ 9 ಮಿಲಿಗ್ರಾಂ ಆಕ್ಸಿಜನ್ ಹಿಡ್ಕೊಂಡ್ರೆ 30 ಡಿಗ್ರೀಲಿ ಏಳೂವರೆ ಅಷ್ಟೇ, ಅದೂ ಸಮುದ್ರಮಟ್ಟದ ಲೆಕ್ಕ, ನಮ್ ಪಕ್ಕದ ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಗಾಳಿ ಒತ್ತಡ ಕಮ್ಮಿ, ಹಂಗಾಗಿ ಇನ್ನೊಂದ್ 8 ಪರ್ಸೆಂಟ್ ಕಟ್. ಇದ್ರ ಮೇಲೆ ಯುಜಿಡಿ ಅಂದ್ರೆ ಒಳಚರಂಡಿ ನೀರು, ಗದ್ದೆ ಗೊಬ್ಬರ ಎಲ್ಲ ಕೊಚ್ಕೊಂಡು ಬಂದು ಪಾಚಿ ಕಟ್ಟುತ್ತೆ, ಹಗಲು ಬಿಸ್ಲಲ್ಲಿ ಆ ಪಾಚಿನೇ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಆಕ್ಸಿಜನ್ ಬಿಡುತ್ತೆ, ಅದ್ರಿಂದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9 ದಾಟೋದೂ ಉಂಟು, ರಾತ್ರಿ ಆದ್ರೆ ಪೂರ್ತಿ ಉಲ್ಟಾ, ಪಾಚಿ, ಮೀನು, ತಳದಲ್ಲಿ ಕೊಳೆಯೋ ಕಸ ತಿನ್ನೋ ಬ್ಯಾಕ್ಟೀರಿಯಾ ಎಲ್ಲ ಸೇರಿ ಇದ್ದಿದ್ದನ್ನೆಲ್ಲ ಖಾಲಿ ಮಾಡ್ತವೆ, 2 ಮಿಲಿಗ್ರಾಂಗಿಂತ ಕೆಳಗಿಳಿದ್ರೆ ಬಹುಪಾಲು ಮೀನಿನ ಕಥೆ ಮುಗೀತು. ನೀರು ಪರೀಕ್ಷೆ ಮಾಡೋ ಸಾಹೇಬ್ರು ಮಧ್ಯಾಹ್ನ ಜೀಪಲ್ಲಿ ಬಂದು ಬಾಟ್ಲಿ ತುಂಬ್ಕೊಂಡ್ ಹೋದ್ರೆ ರಿಪೋರ್ಟ್ ಚೆನ್ನಾಗೇ ಬರುತ್ತೆ ಬಿಡಿ! ಸೂರ್ಯ ಹುಟ್ಟೋಕ್ ಮುಂಚೆ ನೀರು ತಗೀಬೇಕು, ಬಾಟ್ಲಿ ಒಳಗೆ ಗಾಳಿಗುಳ್ಳೆ ಸೇರ್ದಂಗೆ ಅಲ್ಲೇ ಏರಿ ಮೇಲೇನೇ ವಿಂಕ್ಲರ್ ಕೆಮಿಕಲ್ (ನೀರಲ್ಲಿರೋ ಆಕ್ಸಿಜನ್ ಅಳೆಯೋಕ್ ಹಾಕೋದು) ಹಾಕಿ, ಆಕ್ಸಿಜನ್ ಹೆಚ್ಚುಕಮ್ಮಿ ಆಗ್ದಂಗೆ ಫಿಕ್ಸ್ ಮಾಡ್ಬೇಕು, ಇಲ್ಲಾಂದ್ರೆ ಆಕ್ಸಿಜನ್ ಮೀಟರ್ ತಂದು ನೀರೊಳಗೇ ಬಿಟ್ಟು ಅಳೀಲಿ.