ಟ್ರೋಲ್‌ಗೆ ಬೆಣ್ಣೆಯೋ, ಚೀಸೋ?

ಟ್ರೋಲ್‌ಗೆ ಏನಾದರೂ ಮೆತ್ತಲೇಬೇಕು ಅಂತ ಹಟ ಹಿಡಿದಿದ್ದರೆ ಬೆಣ್ಣೆ ಮೆತ್ತಿ. ಚೀಸ್ ಮಾತ್ರ ಬೇಡ.

ಫೋನಿನಲ್ಲಿ ಕಾಲೆಳೆಯುವ ಟ್ರೋಲ್‌ಗಳ ವಿಷಯ ಅಲ್ಲ ಇದು. ಅವರಿಗೆ ಏನು ಮೆತ್ತಿದರೂ ಜಾರಿ ಹೋಗುತ್ತದೆ. ನಾನು ಹೇಳುತ್ತಿರುವುದು ನಾರ್ವೆಯ ಜನಪದ ಕತೆಗಳ ಅಸಲಿ ಟ್ರೋಲ್. ಉದ್ದ ಮೂಗು, ಕೆದರಿದ ಕೂದಲು, ಹಿಂದೊಂದು ಬಾಲ, ವಾಸ ಬೆಟ್ಟದೊಳಗೆ. ಬಿಸಿಲು ಬಿದ್ದರೆ ಕಲ್ಲಾಗಿಬಿಡುತ್ತದಂತೆ. ನಾವಿರುವ ಬರ್ಗನ್ ಊರಿನಲ್ಲಿ ವರ್ಷಕ್ಕೆ 200 ದಿನಕ್ಕೂ ಜಾಸ್ತಿ ಮಳೆ. ಹಾಗಾಗಿ ಇಲ್ಲಿನ ಟ್ರೋಲ್‌ಗಳಿಗೆ ಆಯುಷ್ಯ ಗಟ್ಟಿ.

ಚೀಸ್ ಯಾಕೆ ಬೇಡ ಅಂದರೆ, ಇಲ್ಲಿ ಮನೆಮನೆಯಲ್ಲೂ ಇರುವುದು ಬ್ರೂನೋಸ್ಟ್ ಅನ್ನೋ ಕಂದು ಚೀಸ್. ಚೀಸ್ ಮಾಡಿ ಉಳಿದ ಹಾಲೊಡಕಿನ ನೀರಿಗೆ ಕೆನೆ, ಹಾಲು ಸೇರಿಸಿ, ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡುತ್ತಾರೆ. ಬಣ್ಣ, ಸಿಹಿ ಎಲ್ಲಾ ಧಾರವಾಡ ಪೇಡೆಯ ದಾಯಾದಿ. ದಾವಣಗೆರೆಯಿಂದ ಬಂದ ನಮ್ಮತ್ತೆ ಅದನ್ನು ಬೆಲ್ಲದ ಅಚ್ಚು ಅಂತಲೇ ತಿಳಿದು ಸಾರಿಗೆ ಒಂದು ತುಂಡು ಹಾಕಿದರು. ಆ ಸಾರಿನ ವಿಷಯ ಇಲ್ಲಿಗೇ ಬಿಡೋಣ.

ಅಪಾಯ ಇರುವುದು ರುಚಿಯಲ್ಲಲ್ಲ. 2013ರ ಜನವರಿಯಲ್ಲಿ ಉತ್ತರ ನಾರ್ವೆಯ ಬ್ರಾಟ್ಲಿ ಸುರಂಗದಲ್ಲಿ ಒಂದು ಲಾರಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಸುಮಾರು 27 ಟನ್ ಬ್ರೂನೋಸ್ಟ್. ಡ್ರೈವರ್ ಪಾರಾದ. ಚೀಸ್ ಮಾತ್ರ ದಿನಗಟ್ಟಲೆ ಉರಿಯಿತು. ಕೊಬ್ಬು, ಸಕ್ಕರೆ ಎರಡೂ ಜಾಸ್ತಿ ಇದ್ದರೆ ಇನ್ನೇನಾಗುತ್ತೆ? ವಾರಗಟ್ಟಲೆ ಸುರಂಗ ಬಂದ್. ಇಂಥದ್ದನ್ನು ಮೊದಲೇ ಸಿಡಿಮಿಡಿ ಅನ್ನುವ ಪ್ರಾಣಿಯ ಮೈಗೆ ಮೆತ್ತುತ್ತೀರಾ?

ಚೀಸ್ ಕೈಯಲ್ಲಿದ್ದರೆ ಉಪಯೋಗ ಉಂಟು. ಇಲ್ಲಿನ ಜನಪದ ಕತೆಯಲ್ಲಿ ಒಬ್ಬ ಹುಡುಗ ಕಾಡಲ್ಲಿ ಟ್ರೋಲ್‌ಗೆ ಎದುರಾಗುತ್ತಾನೆ. ಬುತ್ತಿಯಲ್ಲಿದ್ದ ಬಿಳಿ ಚೀಸ್ ತೆಗೆದು, ಕಲ್ಲನ್ನು ಹಿಂಡಿ ನೀರು ತೆಗೀತೀನಿ ನೋಡು ಅಂತ ಹಿಂಡುತ್ತಾನೆ. ನೀರು ತೊಟ್ಟಿಕ್ಕಿದ್ದು ಕಂಡು ಟ್ರೋಲ್ ಗಪ್‌ಚಿಪ್. ಅಷ್ಟಕ್ಕೇ ಮುಗಿಯಬೇಕಿದ್ದ ಕೆಲಸಕ್ಕೆ ಮೈಗೆಲ್ಲಾ ಹಚ್ಚುವ ಉಸಾಬರಿ ಯಾಕೆ?

ಬೆಣ್ಣೆ ಹಚ್ಚುವ ಐಡಿಯಾ ನನ್ನದಲ್ಲ, ಅತ್ತೆಯದ್ದು. ನನ್ನವರು ಬ್ರಿಗ್ಗೆನ್ ಬೀದಿಯ ಅಂಗಡಿಯಿಂದ ಮೊಣಕಾಲೆತ್ತರದ ಟ್ರೋಲ್ ಗೊಂಬೆ ತಂದು ನಡುಮನೆಯಲ್ಲಿಟ್ಟಿದ್ದರು. ಮಗಳು ಅದರ ಮುಂದೆ ಹಾದು ಬಚ್ಚಲಿಗೆ ಹೋಗಲೂ ಹೆದರುತ್ತಿದ್ದಳು.

“ಅಷ್ಟಕ್ಕೇ ಅಳ್ತಾರೇನವಾ?” ಅಂದರು ಅತ್ತೆ. “ಬೆಣ್ಣೆ ಅಲಂಕಾರ ಮಾಡೋಣ. ಎಂಥಾ ಸಿಟ್ಟಿದ್ರೂ ತಣ್ಣಗಾಗ್ತತಿ.”

ಬಸವನಗುಡಿಯ ದೊಡ್ಡ ಗಣಪನಿಗೆ ಮಾಡುವ ಬೆಣ್ಣೆ ಅಲಂಕಾರವನ್ನು ಅವರು ಕಣ್ಣಾರೆ ಕಂಡವರು. ಅಲ್ಲಿ ಖರ್ಚಾಗುವುದು ಕ್ವಿಂಟಾಲ್ ಲೆಕ್ಕದ ಬೆಣ್ಣೆ. ನಮ್ಮ ಫ್ರಿಜ್ಜಿನಲ್ಲಿದ್ದದ್ದು ಕ್ರಿಸ್‌ಮಸ್ ಬಿಸ್ಕೆಟ್‌ಗೆ ಅಂತ ತಂದಿಟ್ಟ ನಾಲ್ಕು ಪ್ಯಾಕೆಟ್. ಅಜ್ಜಿ, ಮೊಮ್ಮಗಳು ಇಬ್ಬರೂ ತಣ್ಣೀರಲ್ಲಿ ಕೈ ಅದ್ದಿ ಅದ್ದಿ ಮೆತ್ತಿದರು. ಕಣ್ಣಿಗೆ ದ್ರಾಕ್ಷಿ, ಹಣೆಗೆ ಗೋಡಂಬಿ. ಸುಳ್ಳು ಯಾಕೆ ಹೇಳಲಿ, ಟ್ರೋಲ್‌ಗೆ ಒಂದು ಕಳೆ ಬಂತು. ಮಗಳು ಅದರ ಮೂಗನ್ನು ನೆಕ್ಕಿಯೂ ಬಂದಳು. ಹೆದರಿಕೆ ಹೋಯಿತು ಅಂತ ಬೇರೆ ಹೇಳಬೇಕಾ?

ಬೆಣ್ಣೆಯನ್ನು ಕಾಣುವ ಹಾಗೇ ಹಚ್ಚಬೇಕು, ಇದೂ ನೆನಪಿರಲಿ. ಟ್ರೋಲ್‌ನ ದೂರದ ನೆಂಟ ನಿಸ್ಸೆ ಅಂತ ಒಬ್ಬ, ಕೊಟ್ಟಿಗೆ ಕಾಯುವ ಕುಳ್ಳ. ಕ್ರಿಸ್‌ಮಸ್ ರಾತ್ರಿ ಅವನಿಗೆ ಬೆಣ್ಣೆ ಹಾಕಿದ ಗಂಜಿ ಇಡಬೇಕು. ಕತೆಯಲ್ಲಿ ಯಾರೋ ತಮಾಷೆಗೆ ಬೆಣ್ಣೆಯನ್ನು ಗಂಜಿಯ ತಳದಲ್ಲಿಟ್ಟರು. ಮೇಲೆ ಬೆಣ್ಣೆ ಕಾಣದೆ ಸಿಟ್ಟಾದ ನಿಸ್ಸೆ ಮನೆಯ ಹಸುವನ್ನೇ ಕೊಂದುಬಿಟ್ಟ. ಆಮೇಲೆ ಗಂಜಿ ತಿಂದರೆ ತಳದಲ್ಲಿ ಬೆಣ್ಣೆ!

ನಮ್ಮ ಮನೆಯಲ್ಲಿ ಬೆಣ್ಣೆ ಕಾಣುತ್ತಿತ್ತು. ಎಡವಟ್ಟಾದದ್ದು ಜಾಗದಿಂದ. ಟ್ರೋಲ್ ನಿಂತಿದ್ದದ್ದು ಕಿಟಕಿ ಕೆಳಗಿನ ಹೀಟರ್ ಪಕ್ಕ. ಸಂಜೆ ಚಳಿ ಏರಿತು, ಹೀಟರ್ ತಾನಾಗಿ ಜೋರಾಯಿತು. ಮೊದಲು ದ್ರಾಕ್ಷಿ ಜಾರಿತು. ಆಮೇಲೆ ಗಡ್ಡ. ಕರಗಿದ ಬೆಣ್ಣೆ ಹೀಟರ್ ಒಳಗೆ ಇಳಿದು, ಮನೆಯೆಲ್ಲಾ ತುಪ್ಪ ಕಾಯಿಸಿದ ಘಮ. “ಆಹಾ” ಅಂತ ಅತ್ತೆ ಉಸಿರೆಳೆಯುವಷ್ಟರಲ್ಲಿ ಹೊಗೆ ಎದ್ದು ಅಲಾರಂ ಕಿರುಚತೊಡಗಿತು.

ಮೇಲಿನ ಮನೆಯ ಅಜ್ಜ ಚಪ್ಪಲಿಯಲ್ಲೇ ಇಳಿದು ಬಂದರು. ಇಲ್ಲಿನವರು ಪಕ್ಕದ ಮನೆಯವರನ್ನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಅವರು ಹೀಟರ್ ಆರಿಸಿದರು, ಕಿಟಕಿ ತೆಗೆದರು, ಸೋರುತ್ತಿದ್ದ ಟ್ರೋಲನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ 2011ರ ಕತೆ ತೆಗೆದರು. ಆ ಬೇಸಿಗೆ ಪೂರ್ತಿ ಮಳೆ. ಮೇವು ಕೆಟ್ಟು ಹಾಲು ಕಡಿಮೆಯಾಯಿತು. ಸಾಲದ್ದಕ್ಕೆ ಕೊಬ್ಬು ತಿಂದೇ ತೆಳ್ಳಗಾಗುವ ಡಯಟ್ ಹುಚ್ಚು. ಕ್ರಿಸ್‌ಮಸ್ ಹೊತ್ತಿಗೆ ದೇಶದ ಅಂಗಡಿಗಳಲ್ಲಿ ಬೆಣ್ಣೆಯೇ ಇಲ್ಲ. ಜನ ಗಡಿಯಾಚೆಯಿಂದ ಕದ್ದು ಸಾಗಿಸುತ್ತಿದ್ದರಂತೆ.

ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು.

“ಏನಂತಾರವಾ?” ಅಂದರು ಅತ್ತೆ.

“ಹಚ್ಚಿದ್ದು ಉಪ್ಪು ಹಾಕಿದ ಬೆಣ್ಣೆನಾ, ಉಪ್ಪಿಲ್ಲದ್ದಾ ಅಂತ ಕೇಳ್ತಿದ್ದಾರೆ ಅತ್ತೆ.”

ಅತ್ತೆ ಬೆರಳಿಂದ ಟ್ರೋಲ್‌ನ ಕೆನ್ನೆ ಒರೆಸಿ ಬಾಯಿಗಿಟ್ಟುಕೊಂಡರು.

“ಉಪ್ಪಿಂದು ತಂದಿಟ್ಟೀಯಲ್ಲವಾ! ಅದಕ್ಕೇ ನಿಂದ್ರಲಿಲ್ಲ.”