ಒರತೆ ಜೌಗಿಗೆ ಎಣ್ಣೆ ಸುರಿಯೋ ಮುಂಚೆ ಒಂದು ಸೌಟು ಕೆಸರು ಎತ್ತಿ ನೋಡಿ

ಇವತ್ತು ಬೆಳಿಗ್ಗೆ ಪಾಂಡವಪುರದ ಕಡೆ ಗುಡ್ಡದ ಬುಡದಲ್ಲಿ, ಒರತೆ ನೀರಿನ ಜೌಗಿಗೆ ಇಬ್ಬರು ಕ್ಯಾನ್ ತಂದು ವೇಸ್ಟ್ ಆಯಿಲ್ ಸುರೀತಿದ್ರು. ಕೇಳಿದ್ದಕ್ಕೆ "ಸೊಳ್ಳೆ ಸಾ, ಹೆಂಗ್ ಮುತ್ಕಂಡವೆ ನೋಡಿ" ಅಂದ್ರು. ಮುತ್ತಿಕೊಂಡಿದ್ದದ್ದು ಸೊಳ್ಳೆಯಲ್ಲ, ಸೊಳ್ಳೆ ಥರಾನೇ ಕಾಣೋ ಆದರೆ ಕಚ್ಚದ ಕೈರೊನೊಮಿಡ್ ಅನ್ನೋ ಪುಟ್ಟ ನೊಣ. ಆಗಿನಿಂದ ಹೊಟ್ಟೆ ಉರೀತಾ ಇದೆ.

ಗುರುತು ಹಿಡಿಯೋದು ಕಷ್ಟವೇನಲ್ಲ. ಕೂತಾಗ ಕೈರೊನೊಮಿಡ್ ಮುಂಗಾಲು ಎತ್ತಿರುತ್ತೆ, ಸೊಳ್ಳೆ ಹಿಂಗಾಲು ಎತ್ತಿರುತ್ತೆ. ಕೈರೊನೊಮಿಡ್‌ಗೆ ಚುಚ್ಚೋ ಸೂಜಿಯೇ ಇಲ್ಲ. ಅದರ ಮರಿ ಕೆಸರಲ್ಲಿ ಕೊಳವೆ ಕಟ್ಟಿಕೊಂಡು ಬದುಕುತ್ತೆ. ಎಷ್ಟೋ ಜಾತಿಗಳ ಮರಿ ರಕ್ತಗೆಂಪು, ಮೈಯಲ್ಲಿ ಹಿಮೋಗ್ಲೋಬಿನ್ ಇರೋದರಿಂದ. ನೆಲದೊಳಗಿಂದ ಆಗಷ್ಟೇ ಮೇಲೆ ಬಂದ ನೀರಲ್ಲಿ ಸಾಮಾನ್ಯವಾಗಿ ಆಮ್ಲಜನಕ ಕಡಿಮೆ, ಕೊಳೆತ ಎಲೆಯ ಅಡಿಯಲ್ಲಿ ಇನ್ನೂ ಕಡಿಮೆ. ಅಲ್ಲಿ ಉಸಿರು ಹಿಡಿಯೋಕೆ ಆ ಕೆಂಪು ಬೇಕು.

ಒಂದು ಸೌಟು ಕೆಸರನ್ನ ಬಿಳಿ ತಟ್ಟೆಗೆ ಹಾಕಿ, ಎರಡು ಲೋಟ ನೀರು ಬಿಟ್ಟು, 5 ನಿಮಿಷ ಅಲುಗಾಡಿಸದೆ ಇಡಿ. ಚಪ್ಪಟೆಯಾಗಿ, ಬೂದು ಬಣ್ಣಕ್ಕೆ, ಬಾಲದ ತುದಿಯಲ್ಲಿ ಕೂದಲಿನ ಕುಚ್ಚು ಇರೋದು ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ. ಕುಚ್ಚು ನೀರ ಮೇಲೆ ಹೂವಿನಂತೆ ಬಿಚ್ಚಿಕೊಳ್ಳುತ್ತೆ, ಉಸಿರಾಟ ಅದರ ನಡುವೆ. ಮುಳುಗುವಾಗ ಕುಚ್ಚು ಮುಚ್ಚಿ, ಒಂದು ಗಾಳಿಗುಳ್ಳೆ ಹಿಡಿದುಕೊಂಡೇ ಇಳಿಯುತ್ತೆ. ಇಲಿಬಾಲದಂಥ ಉದ್ದ ಕೊಳವೆ ಇದ್ದರೆ ಅದು ಹೂವಿನ ಮೇಲೆ ಜೇನಿನ ಹಾಗೆ ಕೂರೋ ನೊಣದ ಮರಿ. ಬಸವನಹುಳುವನ್ನೇ ತಿಂದು ಬೆಳೆಯೋ ನೊಣಗಳೂ ಇಂಥ ಜೌಗಿನವೇ. ದನ, ಕುರಿಗೆ ಯಕೃತ್ತಿನ ಹುಳು ಅಂಟಿಸೋದು ಕೆಲವು ಬಸವನಹುಳುಗಳೇ ಅನ್ನೋದು ನೆನಪಿರಲಿ.

ಬಹುತೇಕ ಸೊಳ್ಳೆಗೆ ನಿಂತ ನೀರು ಬೇಕು. ಮೊಟ್ಟೆಯಿಂದ ಹಾರೋವರೆಗೆ ನಮ್ಮ ಸೆಕೆಗೆ ಸುಮಾರು 7ರಿಂದ 10 ದಿನ, ಅಷ್ಟೂ ದಿನ ಮರಿ ನೀರಿನ ಮೇಲ್ಮೈಗೆ ಬಂದು ಉಸಿರಾಡಬೇಕು. ಪಾಚಿಯ ಮೇಲೆ ಕೂದಲೆಳೆ ದಪ್ಪಕ್ಕೆ ಜಾರೋ ಒರತೆ ನೀರಲ್ಲಿ ಅದು ನಿಲ್ಲೋದೆಲ್ಲಿ? ಜೌಗಲ್ಲಿ ಸೊಳ್ಳೆ ಸಿಕ್ಕರೆ ದನದ ಗೊರಸಿನ ಗುಂಡಿಯಲ್ಲಿ, ಟ್ರ್ಯಾಕ್ಟರ್ ಚಕ್ರದ ಜಾಡಲ್ಲಿ ಹುಡುಕಿ. ಬಸಿಗಾಲುವೆ ತೆಗೀತೀವಿ ಅಂತ ಜೆಸಿಬಿ ಇಳಿಸಿದರೆ ಅಂಥ ಗುಂಡಿ ಹತ್ತಿದ್ದದ್ದು ನೂರಾಗುತ್ತೆ. ಜಾಡಿಗೆ ಮಣ್ಣು ತುಂಬಿ, ದನಕ್ಕೆ ಪಕ್ಕದಲ್ಲೊಂದು ತೊಟ್ಟಿ ಕಟ್ಟಿ, ಸಾಕು.

ಎಣ್ಣೆ ಮಾಡೋದಿಷ್ಟೇ: ಮೇಲೆ ಬಂದು ಉಸಿರಾಡೋ ಮರಿಗಳ ಉಸಿರುಗಂಡಿ ಮುಚ್ಚುತ್ತೆ, ಸೋಲ್ಜರ್ ಫ್ಲೈ, ಇಲಿಬಾಲ ಎಲ್ಲದಕ್ಕೂ. ಹರಿಯೋ ನೀರಾದ್ದರಿಂದ ಕೆಳಗಿನ ಗದ್ದೆಗೂ ಇಳಿಯುತ್ತೆ. ಸೊಳ್ಳೆ ಎರಡು ವಾರದಲ್ಲಿ ಮತ್ತೆ ಹುಟ್ಟುತ್ತೆ. ತಿಂಗಳುಗಟ್ಟಲೆ ಮರಿಯಾಗಿಯೇ ಇರೋ ನೊಣಗಳು ಅಷ್ಟು ಬೇಗ ವಾಪಸ್ ಬರಲ್ಲ. ಇವತ್ತು ಆ ಪದರಕ್ಕೆ ಅಂಟಿ ಬಿದ್ದಿದ್ದದ್ದು ಉದ್ದ ಕಾಲಿನ ಕ್ರೇನ್ ಫ್ಲೈ, ರಾಶಿ ಕೈರೊನೊಮಿಡ್. ಹುಡುಕಿದರೂ ಸೊಳ್ಳೆ ಕಾಣಲಿಲ್ಲ.

"ಡೆಂಗಿ ಬಂದ್ರೆ ನೀವು ನೋಡ್ಕೋತೀರಾ?" ಅಂತ ಕೇಳೋರು ಬಂದೇ ಬರ್ತಾರೆ. ಡೆಂಗಿ ಹರಡೋ ಈಡಿಸ್ ಹುಟ್ಟೋದು ಮನೆ ಡ್ರಮ್ಮಲ್ಲಿ, ಹಳೇ ಟೈರಲ್ಲಿ, ತೆಂಗಿನ ಚಿಪ್ಪಲ್ಲಿ. ಡ್ರಮ್ ಖಾಲಿ ಮಾಡಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತೆ, ವಾರಕ್ಕೊಮ್ಮೆ ಉಜ್ಜಿ ತೊಳೀಬೇಕು. ಮೆದುಳು ಜ್ವರದ ಸೊಳ್ಳೆಗೆ ನೀರು ನಿಂತ ಭತ್ತದ ಗದ್ದೆ ಇಷ್ಟ. ದನ ಕಚ್ಚೋ ದೊಡ್ಡ ನೊಣ ಈ ಜೌಗಲ್ಲೇ ಬೆಳೆಯುತ್ತೆ ಅನ್ನೋದು ನಿಜ, ಒಪ್ಕೋತೀನಿ. ಆದರೆ ಅದರ ಮರಿ ಕೆಸರಿನೊಳಗೆ ಹುದುಗಿರುತ್ತೆ, ಮೇಲೆ ತೇಲೋ ಎಣ್ಣೆಗೆ ಮೊದಲು ಸಾಯೋದು ಅದಲ್ಲ.