ವಾರದ ಸರಾಸರಿ ಗಂಟೆ ಇಳಿದರೆ ಕೆಲಸ ಹೋಯಿತೆಂದಲ್ಲ: ಒಂದು ಸ್ಪಷ್ಟನೆ

‘ಕಾರ್ಖಾನೆ ಕಾರ್ಮಿಕರ ವಾರದ ಸರಾಸರಿ ಗಂಟೆ ಇಳಿದಿದೆ, ಇನ್ನು ಕೆಲಸ ಹೋಗುವುದು ಖಚಿತ’ ಎಂಬ ಸಂದೇಶ ಹೊಸೂರಿನ ಕಾರ್ಮಿಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧ ಸತ್ಯ, ಜನರನ್ನು ಸುಮ್ಮನೆ ಹೆದರಿಸುವಂಥದ್ದು.

ಮೊದಲನೆಯದಾಗಿ, ‘ವಾರದ ಸರಾಸರಿ ಗಂಟೆ’ ಎಂಬ ಈ ಅಂಕಿ ಅಮೆರಿಕದ್ದು. ತಿಂಗಳ 12ನೇ ತಾರೀಕು ಸೇರಿದ ಸಂಬಳದ ಅವಧಿಯಲ್ಲಿ ಎಷ್ಟು ಗಂಟೆಗೆ ಸಂಬಳ ಕೊಟ್ಟರು ಎಂದು ಅಲ್ಲಿ ಲೆಕ್ಕ ಹಾಕುತ್ತಾರೆ. ಆ ವಾರವೇ ಹಿಮಗಾಳಿ ಬೀಸಿ ಕಾರ್ಖಾನೆ ಕೆಲ ದಿನ ಮುಚ್ಚಿದರೂ ಸರಾಸರಿ ಇಳಿಯಬಹುದು. ಒಂದೇ ತಿಂಗಳ ಅಂಕಿ ನಂಬಬಾರದು. ಕನಿಷ್ಠ ಮೂರು ತಿಂಗಳದ್ದು ನೋಡಬೇಕು.

ಗಂಟೆ ಇಳಿಯುವುದು ಮುಂದೆ ಕೆಲಸ ತಗ್ಗಬಹುದೆಂಬ ಮುನ್ಸೂಚನೆ ಎನ್ನುವುದೇನೋ ನಿಜ. ಆರ್ಡರ್ ತಗ್ಗಿದರೆ ಮಾಲೀಕರು ಸಾಮಾನ್ಯವಾಗಿ ಮೊದಲು ಓಟಿ (ಹೆಚ್ಚುವರಿ ಗಂಟೆಯ ದುಡಿಮೆ) ನಿಲ್ಲಿಸುತ್ತಾರೆ, ಆಮೇಲೆ ಶಿಫ್ಟ್, ಕೊನೆಗೆ ಆಳು. ಏಕೆಂದರೆ ಪಳಗಿದ ಕೈಯನ್ನು ಕಳಿಸಿ ಮತ್ತೆ ಹುಡುಕುವುದು ದುಬಾರಿ.

ಆದರೆ ಸರಾಸರಿ ಮೋಸ ಮಾಡುತ್ತದೆ. 200 ಜನ ತಲಾ 48 ಗಂಟೆ ದುಡಿದರೆ ಒಟ್ಟು 9,600 ಗಂಟೆ. ಹೊಸದಾಗಿ 50 ಜನರನ್ನು ತಲಾ 24 ಗಂಟೆಗೆ ಸೇರಿಸಿಕೊಂಡರೆ ಒಟ್ಟು 10,800. ಸರಾಸರಿ ಮಾತ್ರ 43.2ಕ್ಕೆ ಇಳಿಯಿತು! ಕೆಲಸ ಹೆಚ್ಚಿದೆ, ಅಂಕಿ ಕುಸಿದಿದೆ.

ಇನ್ನು ನಮ್ಮಲ್ಲಿನ ವಾರಕ್ಕೆ 48 ಗಂಟೆ ಎಂಬುದು ಕಾನೂನಿನ ಮಿತಿ, ಸರಾಸರಿಯಲ್ಲ. ಅದಕ್ಕೆ ಮೀರಿದ್ದಕ್ಕೆ ದುಪ್ಪಟ್ಟು ಕೂಲಿ. ನಿಮ್ಮ ಘಟಕದ ಸ್ಥಿತಿ ತಿಳಿಯಬೇಕಾದರೆ ಒಟ್ಟು ಗಂಟೆ, ಓಟಿ, ಗುತ್ತಿಗೆ ಕಾರ್ಮಿಕರ ಸಂಖ್ಯೆ ಮೂರನ್ನೂ ಒಟ್ಟಿಗಿಟ್ಟು ನೋಡಿ.